ಕಿವಿ ಮುಚ್ಚಿದ ಕವಿ, ಶ್ರುತಿಯ ಅನುವಾದ

ವೇದಗಳಿಗೆ ನಮ್ಮ ಪೂರ್ವಿಕರು ಶ್ರುತಿಯೆಂದು ಹೆಸರಿಟ್ಟರು. ಗುರುಮುಖದಿಂದ ಕೇಳಿ, ಕೇಳಿದ್ದನ್ನು ಶಿಷ್ಯನಿಗೆ ಕೇಳಿಸಿ ಉಳಿಸಿಕೊಂಡು ಬಂದ ವಾಙ್ಮಯಕ್ಕೆ ಆ ಹೆಸರು ಸಾರ್ಥಕವಾಗಿಯೇ ಇದೆ. ಋಗ್ವೇದವನ್ನು ಮಲಯಾಳ ಭಾಷೆಗೆ ತಂದ ಮಹಾಕವಿ ವಳ್ಳತ್ತೋಳ್ ನಾರಾಯಣ ಮೆನನ್ ಆ ಕಾರ್ಯವನ್ನು ಕೈಗೊಳ್ಳುವ ವೇಳೆಗೆ, ಶ್ರವಣಶಕ್ತಿಯನ್ನು ಕಳೆದುಕೊಂಡು ದಶಕಗಳೇ ಆಗಿದ್ದುವು ಎಂದರೆ ವಾಚಕರಿಗೆ ಆಶ್ಚರ್ಯವಾಗದಿರದು.

1878ರಲ್ಲಿ ತಿರೂರಿನ ಬಳಿಯ ಚೆನ್ನರ ಗ್ರಾಮದಲ್ಲಿ ಜನಿಸಿದ ಈ ಕವಿಗೆ ಇಂಗ್ಲಿಷ್ ವಿದ್ಯೆ ದೊರೆಯಲಿಲ್ಲ. ಸೋದರಮಾವನ ಬಳಿ ಸಂಸ್ಕೃತ ಕಾವ್ಯವನ್ನೂ ಆಯುರ್ವೇದವನ್ನೂ ಕಲಿತರು. ಮುಂದೆ ತ್ರಿಚೂರಿನ ಮುದ್ರಣಾಲಯವೊಂದರ ವ್ಯವಸ್ಥಾಪಕರಾದರು. 1905ರಲ್ಲಿ ವಾಲ್ಮೀಕಿ ರಾಮಾಯಣದ ಅನುವಾದವನ್ನು ಆರಂಭಿಸಿ ಸುಮಾರು ಎರಡೇ ವರ್ಷಗಳಲ್ಲಿ ಮುಗಿಸಿದರು. ಅದು 24,000 ಶ್ಲೋಕಗಳ ಗ್ರಂಥ! ಒಂದು ದಿನವೂ ತಪ್ಪದೆ ಬರೆದರೂ ದಿನಕ್ಕೆ 30ಕ್ಕೂ ಮೀರಿದ ಶ್ಲೋಕಗಳಾಗುತ್ತವೆ.

ಹಾಗಾದರೆ ಅಲ್ಲಿಯ ಜನಕ್ಕೆ ರಾಮಕಥೆ ಹೊಸದಾಗಿತ್ತೆ? ಖಂಡಿತ ಇಲ್ಲ. ಎಳುತ್ತಚ್ಛನ್ ಗಿಳಿಯ ಬಾಯಿಂದ ಹಾಡಿಸಿದ ರಾಮಾಯಣವನ್ನು ಕರ್ಕಾಟಕ ಮಾಸದ ಮಳೆಯ ದಿನಗಳಲ್ಲಿ ಕೇರಳದ ಮನೆಗಳಲ್ಲಿ ಇಂದಿಗೂ ಪಾರಾಯಣ ಮಾಡುತ್ತಾರೆ. ಆದರೆ ಅದಕ್ಕೆ ಮೂಲ ಅಧ್ಯಾತ್ಮ ರಾಮಾಯಣ. ಅಲ್ಲಿ ಶ್ರೀರಾಮನು ಸಾಕ್ಷಾತ್ ಪರಮಾತ್ಮ; ರಾವಣನು ಒಯ್ದದ್ದು ಮಾಯಾಸೀತೆಯನ್ನು. ಆ ರಾಮನ ದುಃಖವೂ ಲೀಲೆಯೇ. ವಾಲ್ಮೀಕಿಯ ರಾಮನಾದರೋ ನಿಜವಾದ ಸೀತೆಯನ್ನೇ ಕಳೆದುಕೊಂಡು, ಗಿಡಮರಗಳನ್ನು ಕೇಳುತ್ತ ಹುಚ್ಚನಂತೆ ಅಲೆಯುತ್ತಾನೆ. ಮನುಷ್ಯನಾದ ಈ ರಾಮನನ್ನು ಸಂಸ್ಕೃತವರಿಯದ ಓದುಗರ ಮುಂದೆ ತಂದು ನಿಲ್ಲಿಸಿದ್ದು ವಳ್ಳತ್ತೋಳರ ಶ್ರಮದ ಫಲ.

ಈ ಮಹತ್ಕಾರ್ಯದ ಬೆನ್ನಿಗೇ, ಮೂವತ್ತರ ಆಸುಪಾಸಿನಲ್ಲಿ, ಅವರನ್ನು ಕಿವುಡು ಆವರಿಸಿತು. ಲಯವೇ ಜೀವವಾದ ಛಂದೋಬದ್ಧ ಕವಿತೆ ಬರೆಯುವವನಿಗೆ ಇದಕ್ಕಿಂತ ದೊಡ್ಡ ಆಘಾತ ಯಾವುದಿದ್ದೀತು? ಆ ವ್ಯಥೆಯನ್ನು ‘ಬಧಿರವಿಲಾಪಂ’ ಎಂಬ ಕವನದಲ್ಲಿ ತೋಡಿಕೊಂಡರು. ಆದರೆ ಲೇಖನಿಯನ್ನು ಕೆಳಗಿಡಲಿಲ್ಲ. 1913ರಲ್ಲಿ ‘ಚಿತ್ರಯೋಗಂ’ ಮಹಾಕಾವ್ಯ ಹೊರಬಂದಿತು. ಬಳಿಕ ‘ಸಾಹಿತ್ಯಮಂಜರಿ’ಯ ಸಂಪುಟಗಳು ಬಂದುವು. 1930ರಲ್ಲಿ ಮುಕುಂದರಾಜರೊಡನೆ ಸೇರಿ, ಲಾಟರಿ ಚೀಟಿಗಳಿಂದ ಹಣ ಕೂಡಿಸಿ, ಕ್ಷೀಣಿಸುತ್ತಿದ್ದ ಕಥಕಳಿಗಾಗಿ ಕೇರಳ ಕಲಾಮಂಡಲವನ್ನು ಸ್ಥಾಪಿಸಿದರು. ಚೆಂಡೆಯ ನಾದ ದಕ್ಕದ ಆ ಕವಿಗೆ ರಾಮಾಯಣ ಭಾರತಗಳ ಕಥೆ ನಟನ ಕಣ್ಣಿನಲ್ಲಿ, ಕೈಯ ಮುದ್ರೆಯಲ್ಲಿ ಕಾಣುತ್ತಿತ್ತು.

ಋಗ್ವೇದದ ಅನುವಾದ ಅವರ ವೃದ್ಧಾಪ್ಯದ ಕೃಷಿ. 1958ರ ಮಾರ್ಚ್ 13ರಂದು, 79ನೆಯ ವಯಸ್ಸಿನಲ್ಲಿ, ಅವರು ಕಾಲವಾದರು.

ಅನುವಾದವೆಂದರೆ ನಿಘಂಟನ್ನು ತೆರೆದು ಪದಕ್ಕೆ ಪದವಿಡುವ ಕೆಲಸವೆಂದು ಭಾವಿಸುವವರು ಈ ಜೀವನವನ್ನು ನೋಡಬೇಕು. ಎಳವೆಯಲ್ಲಿ ಕಲಿತ ಕಾವ್ಯ, ತಾರುಣ್ಯದಲ್ಲಿ ಒಂದೊಂದಾಗಿ ಕೈಹಾಯ್ದ ಆ ಸಹಸ್ರಾರು ಶ್ಲೋಕಗಳು, ಹೊರಗಿನ ಕಿವಿ ಮುಚ್ಚಿದ ಮೇಲೂ ಅವರ ಒಳಗೆ ನುಡಿಯುತ್ತಲೇ ಇದ್ದಿರಬೇಕು. ನಮ್ಮ ಮನೆಯ ಮಕ್ಕಳ ಕಿವಿಯ ಮೇಲೆ ಚಿಕ್ಕಂದಿನಲ್ಲಿ ಯಾವ ಪದ್ಯ ಬೀಳುತ್ತಿದೆ ಎಂಬುದನ್ನು ತಂದೆತಾಯಂದಿರು ಒಮ್ಮೆ ಯೋಚಿಸಿದರೆ ಒಳ್ಳೆಯದು.