ನಮಗಿಂತ ಚೆನ್ನಾಗಿ ನುಡಿಸುವವರು ಎದುರಾದಾಗ



'ಉತ್ತರನ ಪೌರುಷ ಒಲೆಯ ಮುಂದೆ' ಎಂಬ ಗಾದೆಯನ್ನು ನಿಮ್ಮ ಮನೆಯ ಹಿರಿಯರ ಬಾಯಲ್ಲಿ ಕೇಳಿರುತ್ತೀರಿ. ಅಂತಃಪುರದ ಹೆಂಗಸರೆದುರು ಕೌರವರನ್ನೆಲ್ಲ ಸದೆಬಡಿಯುತ್ತೇನೆಂದು ಕೊಚ್ಚಿಕೊಂಡ ವಿರಾಟರಾಜನ ಮಗ ಉತ್ತರಕುಮಾರ, ಕೌರವ ಸೇನೆಯನ್ನು ಕಣ್ಣಾರೆ ಕಂಡೊಡನೆ ರಥದಿಂದ ಧುಮುಕಿ ಓಡಿದ. ನಿಮ್ಮಲ್ಲಿ ಗಿಟಾರ್ ಕಲಿಯುತ್ತಿರುವವರಿಗೆ ಈ ಕಥೆ ಉಳಿದವರಿಗಿಂತ ಚೆನ್ನಾಗಿ ಅರ್ಥವಾದೀತು. ಕೋಣೆಯ ಬಾಗಿಲು ಮುಚ್ಚಿಕೊಂಡು ಹಾಸಿಗೆಯ ಅಂಚಿನಲ್ಲಿ ಕುಳಿತು ನುಡಿಸುವಾಗ ಎಲ್ಲರೂ ಶೂರರೇ. ಗೆಳೆಯನ ಮನೆಯಲ್ಲೋ ಕಾಲೇಜಿನ ಉತ್ಸವದಲ್ಲೋ ನಿಮಗಿಂತ ಹತ್ತು ಪಾಲು ಚೆನ್ನಾಗಿ ನುಡಿಸುವವನೊಬ್ಬ ನಿಮ್ಮದೇ ಗಿಟಾರನ್ನು ಕೈಗೆತ್ತಿಕೊಂಡಾಗ ಮಾತ್ರ ಬೆರಳುಗಳು ತಣ್ಣಗಾಗುತ್ತವೆ. ಎಲ್ಲಿ ಯಾರಾದರೂ 'ಈಗ ನಿನ್ನ ಸರದಿ' ಎಂದುಬಿಡುತ್ತಾರೋ ಎಂದು ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗುತ್ತೀರಿ.

ನಾನು ಗಿಟಾರ್ ನುಡಿಸುವವಳಲ್ಲ, ಕೇಳುವವಳು ಮಾತ್ರ. ಆದರೂ ಈ ಸಲ ಈ ವಿಷಯ ಎತ್ತಿಕೊಳ್ಳಲು ಕಾರಣವಿದೆ. ನಮ್ಮ ಮಕ್ಕಳು ಭಾವಗೀತೆ ಹಾಡುವಾಗ ಪಕ್ಕದಲ್ಲಿ ಕುಳಿತು ಗಿಟಾರಿನಲ್ಲಿ ಜೊತೆ ಕೊಡುತ್ತಿದ್ದ ಹುಡುಗನೊಬ್ಬ ಇತ್ತೀಚೆಗೆ ಬರುವುದನ್ನೇ ನಿಲ್ಲಿಸಿದ್ದಾನೆ. ಏಕಪ್ಪಾ ಎಂದು ಕೇಳಿದರೆ, "ಆಂಟಿ, ಹೋದ ಸಲ ಹೊರಗಿನಿಂದ ಬಂದವನು ನುಡಿಸಿದ್ದು ಕೇಳಿದಿರಲ್ಲ, ಅದಾದ ಮೇಲೆ ನನ್ನದು ಯಾರಿಗೆ ಬೇಕು?" ಎಂದ. ಅವನ ಗಿಟಾರ್ ಈಗ ಕಪಾಟಿನ ಮೇಲೆ ಚೀಲದೊಳಗೆ ಮಲಗಿದೆಯಂತೆ. ಹೊರಗಿನಿಂದ ಬಂದವನು ಅಂದೇ ರಾತ್ರಿ ತನ್ನ ಊರಿಗೆ ಹೋದ. ನಮ್ಮ ಮಕ್ಕಳು ಮೊಬೈಲಿನ ಟ್ರ್ಯಾಕ್ ಹಾಕಿಕೊಂಡು ಹಾಡುತ್ತಿದ್ದಾರೆ. ನಷ್ಟವಾದದ್ದು ಯಾರಿಗೆ, ನೀವೇ ಹೇಳಿ.

ಈ ಅಳುಕು ಕಲಿಯುವವರಿಗೆ ಮಾತ್ರ ಬರುವಂಥದೆಂದು ತಿಳಿಯಬೇಡಿ. 1966ರಲ್ಲಿ ಲಂಡನ್ನಿನ ಎರಿಕ್ ಕ್ಲ್ಯಾಪ್ಟನ್‌ಗೆ 21 ವರ್ಷ. ಕ್ಲ್ಯಾಪ್ಟನ್ ಎಂದರೆ ದೇವರು ಎಂದು ಅಭಿಮಾನಿಗಳು ಗೋಡೆಯ ಮೇಲೆ ಬರೆದಿದ್ದ ಕಾಲ. ಆ ವರ್ಷ ಅಕ್ಟೋಬರ್ 1ರಂದು ರೀಜೆಂಟ್ ಸ್ಟ್ರೀಟ್ ಪಾಲಿಟೆಕ್ನಿಕ್‌ನಲ್ಲಿ ಆತನ 'ಕ್ರೀಮ್' ತಂಡದ ಕಾರ್ಯಕ್ರಮವಿತ್ತು. ಅಮೆರಿಕದಿಂದ ಬಂದು ಒಂದು ವಾರವಷ್ಟೇ ಆಗಿದ್ದ ಜಿಮಿ ಹೆಂಡ್ರಿಕ್ಸ್, ಅಲ್ಲಿನ ಜನಕ್ಕೆ ಹೆಸರೂ ಗೊತ್ತಿರದ ಯುವಕ, ಅವರೊಡನೆ ನುಡಿಸಲು ವೇದಿಕೆ ಹತ್ತಿದ. 'ಕಿಲ್ಲಿಂಗ್ ಫ್ಲೋರ್' ಎಂಬ ಹಾಡನ್ನು ಎತ್ತಿಕೊಂಡ. ಹೆಂಡ್ರಿಕ್ಸ್‌ನನ್ನು ಲಂಡನ್ನಿಗೆ ಕರೆತಂದಿದ್ದ ಚಾಸ್ ಚಾಂಡ್ಲರ್ ಮುಂದೆ ನೆನಪಿಸಿಕೊಂಡಂತೆ, ಕ್ಲ್ಯಾಪ್ಟನ್ ಹಾಡಿನ ನಡುವೆಯೇ ಕೈ ನಿಲ್ಲಿಸಿ ವೇದಿಕೆಯಿಂದ ಸರಿದುಬಿಟ್ಟ. ದೇವರಿಗೂ ಕೈ ನಡುಗುತ್ತದೆ, ಮಕ್ಕಳೇ!

ಆದರೆ ಆತನ ಗಿಟಾರ್ ಕಪಾಟಿನ ಮೇಲೆ ಹೋಗಲಿಲ್ಲ. ಇಬ್ಬರೂ ಸ್ನೇಹಿತರಾದರು. 1970ರಲ್ಲಿ ಕ್ಲ್ಯಾಪ್ಟನ್ ತನ್ನ ಹೊಸ ತಂಡದೊಂದಿಗೆ ಹೆಂಡ್ರಿಕ್ಸ್‌ನ 'ಲಿಟಲ್ ವಿಂಗ್' ಹಾಡನ್ನೇ ಧ್ವನಿಮುದ್ರಿಸಿದ. ಅದೇ ಸೆಪ್ಟೆಂಬರ್ 18ರಂದು ಹೆಂಡ್ರಿಕ್ಸ್ 27ನೆಯ ವಯಸ್ಸಿನಲ್ಲಿ ತೀರಿಕೊಂಡ. ಆತ ಎಡಗೈಯಲ್ಲಿ ಮೀಟುವವನು. ಅವನಿಗೆ ಕೊಡಲೆಂದು ಎಡಗೈಯವರ ಗಿಟಾರೊಂದನ್ನು ಕೊಂಡಿಟ್ಟಿದ್ದೆ, ಕೊಡಲಾಗಲೇ ಇಲ್ಲ ಎಂದು ಕ್ಲ್ಯಾಪ್ಟನ್ ಆಮೇಲೆ ಹೇಳಿಕೊಂಡಿದ್ದಾನೆ. ಯಾರ ಎದುರು ತನ್ನ ಕೈ ನಿಂತುಹೋಗಿತ್ತೋ ಅವನಿಗಾಗಿ ಅಂಗಡಿಗೆ ಹೋಗಿ ಗಿಟಾರ್ ಆರಿಸುವುದಕ್ಕೆ ಎಂಥ ಮನಸ್ಸು ಬೇಕು, ಯೋಚಿಸಿ.

ಈ ಅಳುಕನ್ನು ಸ್ವಲ್ಪ ಬಿಡಿಸಿ ನೋಡೋಣ. ನಮಗಿಂತ ಚೆನ್ನಾಗಿ ನುಡಿಸುವುದನ್ನು ಕೇಳಿದಾಗ ಎರಡು ಭಾವಗಳು ಒಟ್ಟಿಗೇ ಬರುತ್ತವೆ. ಒಂದು, 'ಹೀಗೂ ನುಡಿಸಬಹುದೇ!' ಎಂಬ ಬೆರಗು. ಇನ್ನೊಂದು, 'ಇದು ನನ್ನಿಂದ ಆಗದು' ಎಂಬ ಕುಗ್ಗು. ಎರಡೂ ಕೂಡಿಬರುವುದರಿಂದ ನಾವು ಬೆರಗನ್ನೂ ನೋವೆಂದೇ ಭಾವಿಸುತ್ತೇವೆ. ನನ್ನಂಥವಳು ಚಪ್ಪಾಳೆ ತಟ್ಟಿ ಮನೆಗೆ ಬರುತ್ತೇನೆ, ನನಗೇನೂ ನೋವಿಲ್ಲ. ತೋರುಬೆರಳನ್ನು ಆರೂ ತಂತಿಗಳ ಮೇಲೆ ಅಡ್ಡಲಾಗಿ ಒತ್ತಿ ಎಫ್ ಕಾರ್ಡ್ ಹಿಡಿಯಲು ತಿಂಗಳುಗಟ್ಟಲೆ ಹೆಣಗಿದವರಿಗೆ ಮಾತ್ರ ಎದುರಿನವನ ಕೈ ಏನು ಮಾಡಿತೆಂಬುದು ತಿಳಿಯುತ್ತದೆ. ನಿಮಗೆ ನೋವಾಯಿತೆಂದರೆ ನಿಮ್ಮ ಕಿವಿ ನಿಮ್ಮ ಕೈಗಿಂತ ಮುಂದೆ ಹೋಗಿದೆ ಎಂದು ಅರ್ಥ. ಇದು ಕೀಳರಿಮೆ ಪಡುವ ಸಂಗತಿಯಲ್ಲ. ಕೈ ಇನ್ನು ಹೋಗಬೇಕಾದ ದಾರಿ ನಿಮಗೆ ಕೇಳಿಸಿದೆ, ಅಷ್ಟೇ.

ಆ ದಾರಿಯನ್ನು ನಡೆದವನೊಬ್ಬನ ಕಥೆ ಕೇಳಿ. 1930ರ ಸುಮಾರಿಗೆ ಅಮೆರಿಕದ ಮಿಸಿಸಿಪಿಯಲ್ಲಿ ರಾಬರ್ಟ್ ಜಾನ್ಸನ್ ಎಂಬ ಹುಡುಗ, ಸನ್ ಹೌಸ್ ಮತ್ತು ವಿಲಿ ಬ್ರೌನ್ ಎಂಬ ಹಿರಿಯ ಬ್ಲೂಸ್ ಗಾಯಕರು ವಿರಾಮಕ್ಕೆ ಎದ್ದಾಗಲೆಲ್ಲ ಅವರ ಗಿಟಾರ್ ಎತ್ತಿಕೊಂಡು ನುಡಿಸುತ್ತಿದ್ದ. ಜನ ಕಿವಿ ಮುಚ್ಚಿಕೊಂಡು, ಅವನ ಕೈಯಿಂದ ಅದನ್ನು ಕಿತ್ತುಕೊಳ್ಳಿ ಎಂದು ದೂರುತ್ತಿದ್ದರೆಂದು ಸನ್ ಹೌಸ್ ಹೇಳಿದ್ದಾರೆ. ಆಮೇಲೆ ಹುಡುಗ ಊರಿನಿಂದ ಕಾಣೆಯಾದ. ಮರಳಿ ಬಂದು ನುಡಿಸಿದಾಗ ಹಿರಿಯರಿಬ್ಬರೂ ಬಾಯಿ ತೆರೆದು ಕುಳಿತರು. ನಾಲ್ಕು ದಾರಿ ಕೂಡುವಲ್ಲಿ ಸೈತಾನನಿಗೆ ಆತ್ಮವನ್ನು ಮಾರಿ ಈ ವಿದ್ಯೆ ಪಡೆದನೆಂದು ಜನ ಕಥೆ ಕಟ್ಟಿದರು. ನಿಜ ಸಂಗತಿ ಬಲು ಸಾದಾ. ಆ ಅವಧಿಯಲ್ಲಿ ಆತ ಐಕ್ ಝಿಮರ್‌ಮನ್ ಎಂಬ, ತನಗಿಂತ ಚೆನ್ನಾಗಿ ನುಡಿಸಬಲ್ಲವನ ಹತ್ತಿರ ಇದ್ದು ಕಲಿತಿದ್ದ. ರಾತ್ರಿ ಯಾರಿಗೂ ತೊಂದರೆಯಾಗದಿರಲೆಂದು ಇಬ್ಬರೂ ಸ್ಮಶಾನದಲ್ಲಿ ಕುಳಿತು ಅಭ್ಯಾಸ ಮಾಡುತ್ತಿದ್ದರಂತೆ. 1936 ಮತ್ತು 1937ರಲ್ಲಿ ಜಾನ್ಸನ್ ಧ್ವನಿಮುದ್ರಿಸಿದ್ದು 29 ಹಾಡುಗಳನ್ನು ಮಾತ್ರ. ಅವುಗಳಲ್ಲಿ ಆರಿಸಿಕೊಂಡ ಹಾಡುಗಳದೇ ಒಂದು ಆಲ್ಬಂ ಅನ್ನು ಕ್ಲ್ಯಾಪ್ಟನ್ 2004ರಲ್ಲಿ ಹೊರತಂದ. ಸೈತಾನ ಕೊಟ್ಟ ವರ ಎಂದುಕೊಂಡರೆ ನಮಗೆ ಎಷ್ಟು ಸಮಾಧಾನ ನೋಡಿ. ನಾವು ಕಷ್ಟಪಡಬೇಕಾಗಿಯೇ ಇಲ್ಲ!

ಹೆಸರು ಬಂದ ಮೇಲೆಯೂ ಹೀಗೆ ಬಲ್ಲವರ ಎದುರು ಶಿಷ್ಯರಾಗಿ ಕುಳಿತವರಿದ್ದಾರೆ. ಬ್ರಿಟನ್ನಿನ ಜಾನ್ ಮೆಕ್‌ಲಾಫ್ಲಿನ್ 1971ರಲ್ಲಿ ಮಹಾವಿಷ್ಣು ಆರ್ಕೆಸ್ಟ್ರಾ ಕಟ್ಟಿ ಗಿಟಾರ್ ಲೋಕದಲ್ಲಿ ದೊಡ್ಡ ಹೆಸರಾದವರು. ಅಂಥವರು ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ವಿದ್ವಾನ್ ಎಸ್. ರಾಮನಾಥನ್ ಅವರ ಬಳಿ ವೀಣೆ ಕಲಿತರು. ಮುಂದೆ ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಂ ಮುಂತಾದವರ ಜೊತೆ 'ಶಕ್ತಿ' ತಂಡ ಕಟ್ಟಿದಾಗ, ತಂತಿಯನ್ನು ವೀಣೆಯ ಹಾಗೆ ಎಳೆದು ಗಮಕ ತರಲೆಂದು ತಮ್ಮ ಗಿಟಾರಿನ ಫ್ರೆಟ್‌ಗಳ ನಡುವಿನ ಮರವನ್ನೇ ಕೆತ್ತಿಸಿ ತಗ್ಗು ಮಾಡಿಸಿಕೊಂಡರು. 2024ರಲ್ಲಿ ಶಕ್ತಿಯ ಆಲ್ಬಂಗೆ ಗ್ರ್ಯಾಮಿ ಪ್ರಶಸ್ತಿ ಬಂದಾಗ ಅವರಿಗೆ 82 ವರ್ಷ.

ನಮ್ಮವರೇ ಬೇಕೆಂದರೆ ಧಾರವಾಡದ ಪಂಡಿತ ಮಲ್ಲಿಕಾರ್ಜುನ ಮನಸೂರರಿದ್ದಾರೆ. ಗ್ವಾಲಿಯರ್ ಪದ್ಧತಿಯಲ್ಲಿ ಪಳಗಿ, ಗ್ರಾಮಫೋನ್ ರೆಕಾರ್ಡುಗಳು ಬಂದು ಹೆಸರಾಗಿದ್ದ ಮೇಲೆ, 1930ರ ದಶಕದಲ್ಲಿ ಇದೇ ಮುಂಬಯಿಯಲ್ಲಿ ಜೈಪುರ-ಅತ್ರೌಲಿ ಘರಾಣೆಯ ಮಂಜೀಖಾನರ ಶಿಷ್ಯರಾದರು. ಆ ಗುರು ಅಕಾಲದಲ್ಲಿ ತೀರಿಕೊಂಡಾಗ ಅವರ ತಮ್ಮ ಭೂರ್ಜಿಖಾನರ ಬಳಿ ಕಲಿಕೆ ಮುಂದುವರಿಸಿದರು. 'ನನಗೆ ಆಗಲೇ ಹೆಸರಿದೆ' ಎಂದು ಅವರು ಮನೆಯಲ್ಲೇ ಕುಳಿತಿದ್ದರೆ ನಮಗೆ ಆ ಮನಸೂರರು ಸಿಗುತ್ತಿರಲಿಲ್ಲ.

"ಅವರೆಲ್ಲ ಮಹಾನುಭಾವರು ಆಂಟಿ, ನಾವು ಭಾನುವಾರ ಮಾತ್ರ ನುಡಿಸುವವರು" ಎನ್ನುತ್ತೀರೇನೋ. ಇರಲಿ. ನಾವು ಹವ್ಯಾಸಿ ಎನ್ನುವವರನ್ನು ಇಂಗ್ಲಿಷಿನಲ್ಲಿ 'ಅಮೆಚೂರ್' ಎನ್ನುತ್ತಾರೆ. ಲ್ಯಾಟಿನ್ ಭಾಷೆಯ 'ಪ್ರೀತಿಸು' ಎಂಬ ಧಾತುವಿನಿಂದ ಬಂದ ಪದವದು. ಪ್ರೀತಿಗಾಗಿ ನುಡಿಸುವವನು ಎಂದರ್ಥ. ಪ್ರೀತಿಗೆ ಒಂದನೆಯ, ಎರಡನೆಯ ಬಹುಮಾನವಿಲ್ಲ. ಎಲ್ಲರೂ ಹೆಂಡ್ರಿಕ್ಸ್ ಆಗಬೇಕಾಗಿಲ್ಲ. ಮಕ್ಕಳ ಹಾಡಿಗೆ ಮೂರು ಕಾರ್ಡುಗಳಲ್ಲಿ ಜೊತೆ ಕೊಡುವವನೂ ಬೇಕು.

ಹಾಗಾದರೆ ಅಂಥವರು ಎದುರಾದಾಗ ಏನು ಮಾಡಬೇಕು? ಮೊದಲು, ಎದ್ದು ಹೋಗಬೇಡಿ. ಫೋನ್ ತೆರೆದರೆ ಎಂಟು ವರ್ಷದ ಪೋರನೂ ಮಿಂಚಿನಂತೆ ನುಡಿಸುತ್ತಾನೆ, ನಿಜ. ಅಲ್ಲಿ ನಮಗೆ ಸಿಗುವುದು ಹತ್ತು ಸಲ ತಪ್ಪಿ ಹನ್ನೊಂದನೆಯ ಸಲ ಸರಿಯಾದದ್ದು ಮಾತ್ರ. ಎದುರಿಗೆ ಕುಳಿತವನಲ್ಲಾದರೆ ಎಲ್ಲವೂ ಕಾಣುತ್ತದೆ. ತಂತಿಯನ್ನು ಎಷ್ಟು ಹಗುರವಾಗಿ ಒತ್ತುತ್ತಾನೆ, ಕಾರ್ಡ್ ಬದಲಿಸುವಾಗ ಯಾವ ಬೆರಳನ್ನು ಎತ್ತದೆ ಹಾಗೇ ಬಿಡುತ್ತಾನೆ, ತಪ್ಪಿದರೂ ಮುಖ ಕೆಡಿಸದೆ ಹೇಗೆ ಮುಂದೆ ಸಾಗುತ್ತಾನೆ, ನೋಡಿಕೊಳ್ಳಿ. 'ನಿಮ್ಮಂತೆ ಆಗುವುದು ಹೇಗೆ' ಎಂದು ಕೇಳಿದರೆ ಅವನಲ್ಲಿ ಉತ್ತರವಿರುವುದಿಲ್ಲ. 'ಈ ಜಾಗದಲ್ಲಿ ಕಿರುಬೆರಳು ಎಲ್ಲಿತ್ತು' ಎಂದು ಕೇಳಿ, ಸಂತೋಷದಿಂದ ತೋರಿಸುತ್ತಾನೆ. ನಿಮ್ಮ ಸರದಿ ಬಂದರೆ ಕಷ್ಟದ್ದನ್ನು ಹಿಡಿಯಬೇಡಿ, ಪೂರ್ತಿ ಬರುವ ಒಂದು ಚಿಕ್ಕದನ್ನು ನುಡಿಸಿ. ಮನೆಗೆ ಬಂದ ಸಂಜೆಯೇ, ಕಂಡದ್ದು ಮರೆಯುವ ಮುನ್ನ, ಆ ಒಂದೇ ಪಾಠವನ್ನು ನಿಧಾನವಾಗಿ ಕಾಲು ಗಂಟೆ ತಿದ್ದಿಕೊಳ್ಳಿ. ಅಹಂಕಾರದವರೂ ಸಿಗುತ್ತಾರೆ. ಅಂಥವರ ಮಾತನ್ನು ಬಿಟ್ಟು ಕೈಯನ್ನು ಮಾತ್ರ ನೋಡಿ. ನಿಮ್ಮನ್ನು ಕಂಡು ನೀರು ಕುಡಿಯಲು ಎದ್ದುಹೋಗುವ ಇನ್ನೂ ಚಿಕ್ಕವನೊಬ್ಬ ಇದ್ದೇ ಇರುತ್ತಾನೆ. ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುವುದು ನಿಮ್ಮ ಕೆಲಸ.

ಅಪ್ಪ ಅಮ್ಮ 'ಅವರ ಮಗನನ್ನು ನೋಡು' ಎಂದು ಹೋಲಿಸಿದರೆ, 'ನೋಡುವುದಕ್ಕೇ ಹೊರಟಿದ್ದೇನೆ' ಎಂದು ಗಿಟಾರ್ ಹೆಗಲಿಗೇರಿಸಿ ಹೊರಡಿ. ಅವರಿಗೆ ಈ ಪುಟವನ್ನು ತೋರಿಸಲು ನನ್ನ ಅಡ್ಡಿಯಿಲ್ಲ.

ಅಂದ ಹಾಗೆ, ಓಡಿಹೋದ ಉತ್ತರನ ಕಥೆ ಅಲ್ಲಿಗೇ ಮುಗಿಯುವುದಿಲ್ಲ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಅವನನ್ನು ಹಿಡಿದು ತಂದು ತನ್ನ ರಥದ ಸಾರಥಿಯಾಗಿ ಕೂರಿಸಿದ. ಒಲೆಯ ಮುಂದಿನ ಶೂರ ಭೀಷ್ಮ ದ್ರೋಣರಿದ್ದ ಸೇನೆಯ ನಡುವೆ ಕುದುರೆಗಳ ಲಗಾಮು ಹಿಡಿದು ಗಟ್ಟಿಯಾಗಿ ನಿಂತ. ಮುಂದಿನ ಸಲ ಬಲ್ಲವನೊಬ್ಬ ಸಿಕ್ಕಾಗ ನೀವೂ ಹೇಳಿ, "ನೀನು ಲೀಡ್ ನುಡಿಸು, ನಾನು ಕಾರ್ಡ್ ಹಿಡಿಯುತ್ತೇನೆ" ಎಂದು. ಸಾರಥ್ಯ ಮಾಡುತ್ತಲೇ ಯುದ್ಧ ಕಲಿಯಬಹುದು. 'ಹಾಡ್ತಾ ಹಾಡ್ತಾ ರಾಗ' ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಏನಂತೀರಿ?