ಗೂಢಚಾರನ ನೆರಳಿನಲ್ಲಿ ಒಂದು ಕೊಲೆ: ಯುದ್ಧಕಾಲದ ಪತ್ತೇದಾರಿ ಕಥನ ಎತ್ತುವ ಪ್ರಶ್ನೆ

ಒಂದು ಸಾವು ಲೆಕ್ಕಕ್ಕೆ ಬರುತ್ತದೆ ಎಂಬ ನಂಬಿಕೆಯ ಮೇಲೆ ಪತ್ತೇದಾರಿ ಸಾಹಿತ್ಯ ನಿಂತಿದೆ. ಹೆಣ ಕಾಣಿಸಿದ ಗಳಿಗೆಯಿಂದ ಕಥನದ ಉಳಿದೆಲ್ಲ ವ್ಯವಹಾರಗಳು ಆ ಒಂದು ಸಾವಿನ ಸುತ್ತ ಸುತ್ತತೊಡಗುತ್ತವೆ. ಸತ್ತವರು ಯಾರೇ ಆಗಿರಲಿ, ಕೊಂದವರು ಯಾರೆಂದು ತಿಳಿಯುವವರೆಗೆ ಓದುಗನಿಗೂ ಬಿಡುಗಡೆಯಿಲ್ಲ. ಯುದ್ಧವು ಅಲುಗಿಸುವುದು ಈ ನಂಬಿಕೆಯನ್ನೇ. ದಿನಕ್ಕೆ ಸಾವಿರಾರು ಜನ ಸಾಯುತ್ತಿರುವಾಗ ಒಬ್ಬಳ ಕೊಲೆಗೇಕೆ ಇಷ್ಟು ತಲೆಕೆಡಿಸಿಕೊಳ್ಳಬೇಕು ಎಂಬ ಮಾತು ಯುದ್ಧಕಾಲದ ಪತ್ತೇದಾರಿ ಕಥೆಗಳಲ್ಲಿ ಒಂದಲ್ಲ ಒಂದು ಪಾತ್ರದ ಬಾಯಲ್ಲಿ ಬಂದೇ ಬರುತ್ತದೆ. ವಿಮರ್ಶೆಯೂ ಸಾಮಾನ್ಯವಾಗಿ ಈ ಪ್ರಕಾರದ ಬಿಕ್ಕಟ್ಟನ್ನು ಸಂಖ್ಯೆಯ ಬಿಕ್ಕಟ್ಟೆಂದೇ ಗುರುತಿಸುತ್ತದೆ. ಆದರೆ ಕೃತಿಗಳನ್ನು ಹತ್ತಿರದಿಂದ ನೋಡಿದರೆ ಬೇರೆಯದೇ ಸಂಗತಿ ಎದ್ದು ಕಾಣುತ್ತದೆ. ಒಂದು ಕೊಲೆಯನ್ನು ಅಳಿಸಿಹಾಕುವುದು ಸಾವುಗಳ ಸಂಖ್ಯೆಯಲ್ಲ, ಗೂಢಚರ್ಯೆಯ ಶಂಕೆ.

ಇದಕ್ಕೆ ಮೊದಲ ಸಾಕ್ಷಿಯಾಗಿ ಕ್ರಿಶ್ಚಿಯಾನಾ ಬ್ರ್ಯಾಂಡ್ ಬರೆದ ‘ಗ್ರೀನ್ ಫಾರ್ ಡೇಂಜರ್’ ಕಾದಂಬರಿಯನ್ನು ನೋಡಬಹುದು. ಅದು ಪ್ರಕಟವಾದದ್ದು 1944ರಲ್ಲಿ, ಯುದ್ಧ ಇನ್ನೂ ಮುಗಿದಿರಲಿಲ್ಲ. ಕೆಂಟ್ ಪ್ರಾಂತದ ಸೈನಿಕ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಒಬ್ಬ ಸಾಮಾನ್ಯ ಅಂಚೆಯವನು ಸಾಯುತ್ತಾನೆ. ಹೊರಗೆ ಬಾಂಬುಗಳು ಬೀಳುತ್ತಿವೆ, ವಾರ್ಡುಗಳಲ್ಲಿ ಗಾಯಾಳುಗಳು ತುಂಬಿದ್ದಾರೆ. ಆದರೂ ಇನ್ಸ್‌ಪೆಕ್ಟರ್ ಕಾಕ್‌ರಿಲ್‌ಗೆ ಆ ಅಂಚೆಯವನ ಸಾವು ಮುಖ್ಯವಾಗುತ್ತದೆ, ಓದುಗನಿಗೂ ಅಷ್ಟೆ. ಯುದ್ಧದ ನಡುವೆಯೇ ಬರೆದ ಕೃತಿಯೊಂದು ಒಬ್ಬನ ಸಾವಿನ ಘನತೆಯನ್ನು ಉಳಿಸಿಕೊಳ್ಳಬಲ್ಲದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ. ಗಮನಿಸಬೇಕಾದುದೆಂದರೆ, ಇಲ್ಲಿ ಕೊಲೆಯ ಮೂಲವಿರುವುದು ಬಾಂಬ್ ದಾಳಿ ಉಳಿಸಿಹೋದ ಖಾಸಗಿ ದುಃಖವೊಂದರಲ್ಲಿ. ಶತ್ರುದೇಶದ ಏಜೆಂಟನ ಕೈವಾಡ ಅದರಲ್ಲಿಲ್ಲ.

ಗೂಢಚಾರ ಪ್ರವೇಶಿಸಿದೊಡನೆ ಏನಾಗುತ್ತದೆ ಎಂಬುದನ್ನು ಅಗಾಥಾ ಕ್ರಿಸ್ಟಿಯ ‘ಎನ್ ಆರ್ ಎಮ್?’ (1941) ತೋರಿಸುತ್ತದೆ. 1940ರ ವಸಂತಕಾಲ, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಒಂದು ವಸತಿಗೃಹ. ಅಲ್ಲಿ ಅಡಗಿರಬಹುದಾದ ಇಬ್ಬರು ಜರ್ಮನ್ ಏಜೆಂಟರನ್ನು ಹುಡುಕಲು ನಡುವಯಸ್ಸಿನ ದಂಪತಿ ಟಾಮಿ ಮತ್ತು ಟಪೆನ್ಸ್ ಸುಳ್ಳು ಹೆಸರಿನಲ್ಲಿ ಬಂದು ತಂಗುತ್ತಾರೆ. ಎಲ್ಲರ ಕಣ್ಣು ಇರುವುದು ನಿರಾಶ್ರಿತನಾಗಿ ಬಂದ ಜರ್ಮನ್ ತರುಣನ ಮೇಲೆ. ಈ ನಡುವೆ ಅಪರಿಚಿತ ಪೋಲಿಷ್ ಹೆಂಗಸೊಬ್ಬಳು, ಅಲ್ಲಿ ತಂಗಿದ್ದ ಶ್ರೀಮತಿ ಸ್ಪ್ರಾಟ್‌ಳ ಪುಟ್ಟ ಮಗುವನ್ನು ಎತ್ತಿಕೊಂಡು ಓಡುತ್ತಾಳೆ. ಕಡಲಬಂಡೆಯ ಅಂಚಿನಲ್ಲಿ ಆಕೆಯನ್ನು ಎಲ್ಲರೂ ಸುತ್ತುವರಿದಾಗ, ಮಗುವಿಗೆ ತಗಲೀತೆಂಬ ಭಯದಿಂದ ಗಂಡಸರು ಗುಂಡು ಹಾರಿಸಲು ಹಿಂಜರಿಯುತ್ತಾರೆ. ಶ್ರೀಮತಿ ಸ್ಪ್ರಾಟ್ ಹಿಂಜರಿಯುವುದಿಲ್ಲ. ಪೋಲಿಷ್ ಹೆಂಗಸು ಸತ್ತು ಬೀಳುತ್ತಾಳೆ. ಮಗುವನ್ನು ಉಳಿಸಿಕೊಂಡ ತಾಯಿಯನ್ನು ಯಾರೂ ಕೊಲೆಗಾರ್ತಿ ಎನ್ನುವುದಿಲ್ಲ. ಸತ್ತವಳು ಪರದೇಶದವಳು, ಅವಳು ಗೂಢಚಾರಿಣಿಯೋ, ಅವರ ಕೈಗೊಂಬೆಯೋ ಆಗಿರಬೇಕೆಂಬ ಊಹೆಯೇ ವಿಚಾರಣೆಯ ಜಾಗವನ್ನು ತುಂಬುತ್ತದೆ.

ಟಪೆನ್ಸ್‌ಗೆ ಸತ್ಯ ಹೊಳೆಯುವುದು ಸಾಲೊಮನ್ ದೊರೆಯ ನ್ಯಾಯತೀರ್ಪಿನ ಕಥೆ ನೆನಪಾದಾಗ. ಹೆತ್ತ ತಾಯಿ ಅಂಥ ಗುಂಡು ಹಾರಿಸಲಾರಳು. ಮಗುವಿನ ನಿಜವಾದ ತಾಯಿ ಸತ್ತ ಪೋಲಿಷ್ ಹೆಂಗಸೇ. ಬಡತನಕ್ಕೆ ಮಗುವನ್ನು ಮಾರಿಕೊಂಡು, ತಡೆಯಲಾರದೆ ಮರಳಿ ಬಂದವಳು. ಮಗುವಿರುವ ಹೆಂಗಸನ್ನು ಯಾರೂ ಸಂಶಯಿಸುವುದಿಲ್ಲವೆಂಬ ಲೆಕ್ಕದಿಂದ ಆ ಮಗುವನ್ನು ಕೊಂಡಿದ್ದವಳೇ ಏಜೆಂಟ್. ಕಥೆಯ ಹೆಣಿಗೆ ಜಾಣತನದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೃತಿಯ ಕೊನೆಯಲ್ಲಿ ಆ ತಾಯಿಯ ಸಾವಿಗೆ ದೊರೆಯುವ ಸ್ಥಾನ ಯಾವುದು? ಅವಳ ಸಾವು ಒಂದು ಸುಳಿವಾಗುತ್ತದೆ, ಅಷ್ಟೆ. ಗೂಢಚಾರರು ಸಿಕ್ಕಿಬೀಳುತ್ತಾರೆ, ಮಗುವನ್ನು ನಾಯಕ ದಂಪತಿ ದತ್ತು ತೆಗೆದುಕೊಳ್ಳುತ್ತಾರೆ, ದೇಶ ಸುರಕ್ಷಿತವಾಗುತ್ತದೆ. ಮೊದಲು ಶಂಕೆ ಅವಳ ಕೊಲೆಯನ್ನು ಕೊಲೆಯಲ್ಲವೆಂದು ಸಾರಿತು; ಆಮೇಲೆ ಶಂಕೆಯ ನಿವಾರಣೆ ಅದನ್ನು ದೊಡ್ಡ ಕಾರ್ಯದ ಒಂದು ಮೆಟ್ಟಿಲಾಗಿಸಿತು. ಎರಡರಲ್ಲೂ ಅವಳಿಗಾಗಿ ದುಃಖಿಸುವವರಿಲ್ಲ. (ಶಂಕೆಯ ವ್ಯಂಗ್ಯ ಇಲ್ಲಿಗೇ ಮುಗಿಯಲಿಲ್ಲ. ಕಾದಂಬರಿಯ ಪಾತ್ರವೊಂದಕ್ಕೆ ಮೇಜರ್ ಬ್ಲೆಚ್ಲಿ ಎಂಬ ಹೆಸರಿದ್ದುದರಿಂದ, ಬ್ಲೆಚ್ಲಿ ಪಾರ್ಕಿನ ಸಂಕೇತಭೇದನದ ಗುಟ್ಟು ಲೇಖಕಿಗೆ ತಿಳಿದಿರಬಹುದೆಂದು ಬ್ರಿಟಿಷ್ ಬೇಹುಗಾರಿಕೆ ಇಲಾಖೆಗೆ ಆತಂಕವಾಯಿತು. ಆ ಊರಿನಲ್ಲಿ ರೈಲು ನಿಂತು ಕಾಯಬೇಕಾಗಿ ಬಂದ ಬೇಸರಕ್ಕೆ ಪಾತ್ರಕ್ಕೆ ಆ ಹೆಸರಿಟ್ಟೆನೆಂದು ಕ್ರಿಸ್ಟಿ ಹೇಳಿದಳಂತೆ.)

ಇದನ್ನು ಕ್ರಿಸ್ಟಿಯೊಬ್ಬಳ ದೋಷವೆನ್ನುವುದು ಸರಿಯಲ್ಲ. ಕಾದಂಬರಿಯ ಹೊರಗೂ ಶಂಕೆ ಇದೇ ಕೆಲಸ ಮಾಡುತ್ತಿತ್ತು. 1940ರ ಬೇಸಿಗೆಯಲ್ಲಿ ಬ್ರಿಟನ್ ಸಾವಿರಾರು ಜರ್ಮನ್, ಆಸ್ಟ್ರಿಯನ್, ಇಟಾಲಿಯನ್ ಮೂಲದವರನ್ನು ಬಂಧನ ಶಿಬಿರಗಳಿಗೆ ತಳ್ಳಿತು. ಹಿಟ್ಲರನಿಂದ ಓಡಿಬಂದ ಯಹೂದಿಗಳೂ ಅವರಲ್ಲಿದ್ದರು. ಅಂಥ ಬಂಧಿತರನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ‘ಅರಾಂಡೋರಾ ಸ್ಟಾರ್’ ಹಡಗನ್ನು ಆ ವರ್ಷದ ಜುಲೈ 2ರಂದು ಜರ್ಮನ್ ಜಲಾಂತರ್ಗಾಮಿಯೇ ಮುಳುಗಿಸಿದಾಗ 800ಕ್ಕೂ ಹೆಚ್ಚು ಜನ ಸತ್ತರು.

ಈ ಪ್ರಸಂಗಗಳತ್ತ ಪತ್ತೇದಾರಿ ಕಥನ ತಿರುಗಿ ನೋಡಲು ಆರು ದಶಕಗಳು ಬೇಕಾದವು ಎನ್ನಬಹುದು. ಆಂಟನಿ ಹೊರೊವಿಟ್ಜ್ ರೂಪಿಸಿದ ‘ಫಾಯ್ಲ್ಸ್ ವಾರ್’ ದೂರದರ್ಶನ ಮಾಲಿಕೆಯ ಮೊದಲ ಕಥೆ ‘ದ ಜರ್ಮನ್ ವುಮನ್’ (2002) ಶುರುವಾಗುವುದು 1940ರ ಮೇ ತಿಂಗಳ ಹೇಸ್ಟಿಂಗ್ಸ್ ಪಟ್ಟಣದಲ್ಲಿ. ಮ್ಯಾಜಿಸ್ಟ್ರೇಟನೊಬ್ಬನ ಜರ್ಮನ್ ಹೆಂಡತಿ ಕೊಲೆಯಾಗುತ್ತಾಳೆ. ಗಂಡನ ಪ್ರಭಾವದಿಂದ ಬಂಧನ ಶಿಬಿರದಿಂದ ತಪ್ಪಿಸಿಕೊಂಡವಳೆಂದು ಊರಿಗೆ ಅವಳ ಮೇಲೆ ಸಿಟ್ಟಿತ್ತು. ಪತ್ತೇದಾರ ಕ್ರಿಸ್ಟಫರ್ ಫಾಯ್ಲ್‌ಗಾದರೋ ಈ ಕೆಲಸವೇ ಬೇಡವಾಗಿದೆ. ಯುದ್ಧಕ್ಕೆ ನೇರವಾಗಿ ಉಪಯೋಗವಾಗುವ ಹುದ್ದೆ ಕೇಳಿ ನಿರಾಕರಿಸಲ್ಪಟ್ಟವನು ಅವನು. ಕೊನೆಗೆ ಸಿಕ್ಕ ಕೊಲೆಗಾರ ನೌಕಾಪಡೆಗೆ ಬೇಕಾದ ಕೆಲಸದಲ್ಲಿರುವ ತರುಣ. ಸತ್ತವಳು ಜರ್ಮನಳು, ತನ್ನ ಕೆಲಸ ದೇಶಕ್ಕೆ ಅನಿವಾರ್ಯ ಎಂಬುದು ಅವನ ವಾದ. ಫಾಯ್ಲ್ ಆ ವಾದದ ಮಹತ್ವವನ್ನು ಅಲ್ಲಗಳೆಯುವುದಿಲ್ಲ. ಕೊಲೆ ಕೊಲೆಯೇ ಎಂದಷ್ಟೇ ಹೇಳಿ ಅವನನ್ನು ಬಂಧಿಸುತ್ತಾನೆ. ಕ್ರಿಸ್ಟಿಯ ಕಾದಂಬರಿಯಲ್ಲಿ ಪೋಲಿಷ್ ಹೆಂಗಸಿಗೆ ಸಿಗದಿದ್ದುದು ಇಲ್ಲಿ ಜರ್ಮನ್ ಹೆಂಗಸಿಗೆ ಸಿಗುತ್ತದೆ.

ಇದನ್ನು ನೈತಿಕ ಮುನ್ನಡೆಯೆಂದು ಕೊಂಡಾಡುವ ಮುನ್ನ ಒಂದು ಮಾತು. ಗೆದ್ದ ಯುದ್ಧದ ಬಗೆಗೆ, ಗೆದ್ದು ಅರವತ್ತು ವರ್ಷಗಳ ಮೇಲೆ ಇಂಥ ಧೈರ್ಯ ತೋರುವುದು ಅಷ್ಟೇನೂ ದುಬಾರಿಯಲ್ಲ. ಅದಕ್ಕಿಂತ ಮುಖ್ಯವಾಗಿ, ಫಾಯ್ಲ್‌ನ ನಿಷ್ಠೆಗೆ ಆಧಾರವಾಗಿರುವ ಕಾನೂನು ಅವನದೇ ಜನರ ಕಾನೂನು. ಅದು ತಪ್ಪಿದಾಗ ಅದನ್ನು ಅದರ ಮಾತಿಗೇ ಕಟ್ಟಿಹಾಕಬಹುದು. ವಸಾಹತಿನ ಪತ್ತೇದಾರನಿಗೆ ಆ ಅನುಕೂಲವಿರಲಿಲ್ಲ. ಯಾರು ಶತ್ರು, ಯಾರು ದೇಶಭಕ್ತ, ಯಾರು ಗೂಢಚಾರ ಎಂಬ ಪದಗಳನ್ನೇ ಆಳುವವರು ಒಂದರ್ಥದಲ್ಲೂ ಆಳಿಸಿಕೊಳ್ಳುವವರು ಮತ್ತೊಂದರ್ಥದಲ್ಲೂ ಬಳಸುತ್ತಿದ್ದರು.

ಬಂಗಾಳಿಯ ಶರದಿಂದು ಬಂದ್ಯೋಪಾಧ್ಯಾಯರು 1930ರ ದಶಕದಲ್ಲಿ ಸೃಷ್ಟಿಸಿದ ಬ್ಯೋಮಕೇಶ ಬಕ್ಷಿ ತನ್ನನ್ನು ಪತ್ತೇದಾರನೆಂದು ಕರೆದುಕೊಳ್ಳದೆ ‘ಸತ್ಯಾನ್ವೇಷಿ’ ಎನ್ನುವುದು ಈ ದೃಷ್ಟಿಯಿಂದ ಅರ್ಥಪೂರ್ಣ. ಯುದ್ಧದ ವರ್ಷಗಳಲ್ಲಿ ಅವನ ಕಥೆಗಳು ಬರಲಿಲ್ಲ. ಲೇಖಕರು ಮುಂಬಯಿಗೆ ಹೋಗಿ ಚಿತ್ರಕಥೆಗಳಲ್ಲಿ ತೊಡಗಿದ್ದೇ ಇದಕ್ಕೆ ಹೊರಗಿನ ಕಾರಣ. ಇದನ್ನು ಮೌನದ ರಾಜಕಾರಣವೆಂದು ಹಿಗ್ಗಿಸಬೇಕಿಲ್ಲ. ಸುಮಾರು ಹದಿನೈದು ವರ್ಷಗಳ ನಂತರ ಬ್ಯೋಮಕೇಶ ಮರಳಿದಾಗ ಬರೆದ ‘ಆದಿಮ ರಿಪು’ ಕಥೆ ಯುದ್ಧ ಮುಗಿದು ಸ್ವಾತಂತ್ರ್ಯ ಬರುವ ನಡುವಿನ, ಗಲಭೆಗಳ ಕಲ್ಕತ್ತೆಯದು. ಕೊಲೆಯಾದವನು ಕಾಳಸಂತೆಯ ಹಣದವನು. ಕೊಂದವನು ಯಾರೆಂದು ಬ್ಯೋಮಕೇಶ ಕಂಡುಹಿಡಿಯುತ್ತಾನೆ. ಆದರೆ ಪೊಲೀಸರಿಗೆ ಒಪ್ಪಿಸುವುದಿಲ್ಲ. ಕಪ್ಪುಹಣದ ನೋಟುಗಳನ್ನು ಸುಟ್ಟುಹಾಕುತ್ತಾನೆ. ಫಾಯ್ಲ್‌ನಂತೆ ಕಾನೂನನ್ನು ಎತ್ತಿಹಿಡಿಯದೆ ಅವನು ಸತ್ಯ ಮತ್ತು ಕಾನೂನುಗಳನ್ನು ಬೇರ್ಪಡಿಸುತ್ತಾನೆ. ದಿಬಾಕರ ಬ್ಯಾನರ್ಜಿ 2015ರ ತಮ್ಮ ಚಲನಚಿತ್ರದಲ್ಲಿ ಅವನನ್ನು ಯುದ್ಧಕಾಲದ ಕಲ್ಕತ್ತೆಗೇ ಕೊಂಡೊಯ್ದು ಜಪಾನೀ ದಾಳಿಯ ಸಂಚನ್ನು ಎದುರಿಗಿಟ್ಟರು. ಚಿತ್ರ ಬೆಡಗಿನದು, ಪ್ರಶ್ನೆಯನ್ನು ಮಾತ್ರ ಅಫೀಮಿನ ಜಾಲದ ಗದ್ದಲದಲ್ಲಿ ಕಳೆದುಕೊಳ್ಳುತ್ತದೆ.

ಕನ್ನಡ ನೆಲಕ್ಕೆ ಈ ಪ್ರಶ್ನೆ ಹೊರಗಿನದಲ್ಲ. 1942ರ ಸೆಪ್ಟೆಂಬರಿನಲ್ಲಿ ಸ್ವತಂತ್ರವೆಂದು ಸಾರಿಕೊಂಡ ಈಸೂರಿನಲ್ಲಿ ಅಮಲ್ದಾರ ಹಾಗೂ ಪೊಲೀಸ್ ಅಧಿಕಾರಿಯೊಬ್ಬರು ಜನರ ಕೈಯಲ್ಲಿ ಸತ್ತರು. ಯುದ್ಧಕಾಲದ ಪ್ರಭುತ್ವ ಅದನ್ನು ಕೊಲೆಯೆಂದು ತನಿಖೆ ನಡೆಸಿ 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿತು. ಜನಸ್ಮೃತಿಯಲ್ಲಿ ಆ ಐವರು ಹುತಾತ್ಮರು, ಆಗಿರತಕ್ಕದ್ದೇ. ಆದರೆ ಸತ್ತ ಅಮಲ್ದಾರನೂ ಕನ್ನಡದವನೇ. ಅವನ ಸಾವನ್ನು ಒಂದು ಸಾವಾಗಿ ಎಣಿಸಬಲ್ಲ ಕಥನ, ಹುತಾತ್ಮರನ್ನು ಕುಗ್ಗಿಸದೆಯೇ ಎಣಿಸಬಲ್ಲ ಕಥನ ಹೇಗಿದ್ದೀತು? ಚರಿತ್ರೆಯೂ ಲಾವಣಿಯೂ ಇದನ್ನು ಕೇಳುವ ಪ್ರಕಾರಗಳಲ್ಲ. ಕೇಳಬಲ್ಲುದು ಪತ್ತೇದಾರಿ ಕಥನವೇ, ಏಕೆಂದರೆ ಹೆಣದ ಪಕ್ಷವನ್ನು ಬಿಟ್ಟು ಅದಕ್ಕೆ ಬೇರೆ ಪಕ್ಷವಿಲ್ಲ.

ಕನ್ನಡದಲ್ಲಿ ಈ ಪ್ರಕಾರ ದೊಡ್ಡ ಓದುಗವರ್ಗವನ್ನು ಕಟ್ಟಿದ್ದು ಸ್ವಾತಂತ್ರ್ಯಾನಂತರ, ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾಲದಲ್ಲಿ. ನಾಲ್ಕನೆಯ ತರಗತಿಯವರೆಗಷ್ಟೇ ಓದಿದ ಲೇಖಕರೊಬ್ಬರು ಲಕ್ಷಾಂತರ ಜನರಿಗೆ ಓದುವ ರುಚಿ ಹತ್ತಿಸಿದರೆಂಬ ಮೆಚ್ಚುಗೆಯನ್ನು ವಿಮರ್ಶೆ ಧಾರಾಳವಾಗಿ ಸಲ್ಲಿಸಿದೆ. ಆ ಮೆಚ್ಚುಗೆಯೊಳಗೆ ಒಂದು ಉಪೇಕ್ಷೆಯೂ ಅಡಗಿದೆ: ಓದುಗರನ್ನು ಎಣಿಸಲಾಗಿದೆ, ಪಠ್ಯಗಳನ್ನು ಓದಲಾಗಿಲ್ಲ. ಹೊಸದಾಗಿ ಹುಟ್ಟಿದ ಪ್ರಭುತ್ವದೊಂದಿಗೆ, ನಿನ್ನೆಯವರೆಗೆ ಪರಕೀಯರ ಕೈಯಲ್ಲಿದ್ದ ಪೊಲೀಸ್ ಠಾಣೆಯೊಂದಿಗೆ ಪುರುಷೋತ್ತಮನ ಸಂಬಂಧ ಎಂಥದು? ಅಪರಾಧಿಯನ್ನು ಒಪ್ಪಿಸುವಾಗ ಅವನು ಯಾರ ಕಾನೂನಿಗೆ ಒಪ್ಪಿಸುತ್ತಿದ್ದಾನೆ? ಬಾಡಿಗೆ ಗ್ರಂಥಾಲಯಗಳಲ್ಲಿ ಕೈಯಿಂದ ಕೈಗೆ ದಾಟಿ ಸವೆದ ಆ ಪ್ರತಿಗಳನ್ನು ಹುಡುಕಿ, ಅನುಕ್ರಮವಾಗಿ ಜೋಡಿಸಿ, ಈ ಪ್ರಶ್ನೆಗಳನ್ನಿಟ್ಟುಕೊಂಡು ಓದುವ ಕೆಲಸ ಕನ್ನಡ ಅಧ್ಯಯನ ವಿಭಾಗಗಳದು. ಹಾಳೆಗಳು ಅಷ್ಟು ದಿನ ಕಾಯಬೇಕಷ್ಟೆ.