ಡಿ.ಸಿ. ಕೊಟ್ಟರೆ ಏನಾಗುತ್ತದೆ ಸಾರ್?

2024ರ ಮೇ 11ರ ರಾತ್ರಿ ನನ್ನ ತಮ್ಮನ ಹೆಂಡತಿ ದೂರವಾಣಿ ಮಾಡಿದಳು. "ಭಾವ, ಸೂರ್ಯನಿಂದ ಏನೋ ಬಿರುಗಾಳಿ ಬರುತ್ತಿದೆಯಂತೆ. ಮೊಬೈಲು ಆರಿಸಿ ದೂರ ಇಟ್ಟು ಮಲಗಬೇಕಂತೆ. ಲೋಕವೆಲ್ಲ ಕತ್ತಲಾಗುತ್ತದಂತೆ. ನಿಜವೇ?" ಎಂದು ಕೇಳಿದಳು. ಯಾರೋ ಕಳುಹಿಸಿದ ಸಂದೇಶವನ್ನು ಓದಿ ಆಕೆ ಗಾಬರಿಗೊಂಡಿದ್ದಳು. ಮೊಬೈಲಿಗೆ ಏನೂ ಆಗದು, ನಿಶ್ಚಿಂತೆಯಿಂದ ಮಲಗು ಎಂದು ಸಮಾಧಾನ ಹೇಳಿದೆ. ಆದರೆ "ನಿಜವೇ?" ಎಂಬ ಆಕೆಯ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟೆನೆಂದು ನನಗೆ ಅನಿಸಲಿಲ್ಲ. ಬಹಳ ಹಿಂದೆ ನಾನು ಉತ್ತರಿಸದೆ ಬಿಟ್ಟಿದ್ದ ಇನ್ನೊಂದು ಪ್ರಶ್ನೆಯೂ ಆ ರಾತ್ರಿ ನೆನಪಿಗೆ ಬಂತು.

1988-89ರ ಸಾಲಿನ ಹತ್ತನೆಯ ತರಗತಿಯ ನನ್ನ ಶಿಷ್ಯರಿಗೆ ಆ ಪಾಠ ನೆನಪಿರಬಹುದು. ತಾಮ್ರದ ತಂತಿಯ ಸುರುಳಿ, ಒಂದು ದಂಡಕಾಂತ, ಮುಳ್ಳು ಸ್ವಲ್ಪ ವಾರೆಯಾಗಿದ್ದ ಗ್ಯಾಲ್ವನೋಮೀಟರ್. ನಮ್ಮ ಪ್ರಯೋಗಶಾಲೆಯ ಆಸ್ತಿ ಅಷ್ಟೇ. ಕಾಂತವನ್ನು ಸುರುಳಿಯೊಳಗೆ ಅಲುಗಾಡಿಸಿದರೆ ಮುಳ್ಳು ಚಲಿಸುತ್ತಿತ್ತು, ನಿಲ್ಲಿಸಿದರೆ ನಿಲ್ಲುತ್ತಿತ್ತು. ಬಳಿಕ ಟ್ರಾನ್ಸ್‌ಫಾರ್ಮರಿನ ಪಾಠ. "ಟ್ರಾನ್ಸ್‌ಫಾರ್ಮರ್ ಎ.ಸಿ. ವಿದ್ಯುತ್ತಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ಡಿ.ಸಿ.ಯಲ್ಲಿ ಮಾಡುವುದಿಲ್ಲ" ಎಂದು ಬರೆಸಿ, ಅಡಿಗೆರೆ ಹಾಕಿಸಿದೆ. ಆಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, "ಹಾಗಿದ್ದೂ ಡಿ.ಸಿ. ಕೊಟ್ಟರೆ ಏನಾಗುತ್ತದೆ ಸಾರ್?" ಎಂದು ಕೇಳಿದ. ಪರೀಕ್ಷೆ ಹತ್ತಿರವಾಗಿತ್ತು, ಪಾಠಗಳು ಉಳಿದಿದ್ದವು. "ಅದು ಪರೀಕ್ಷೆಗೆ ಬರುವುದಿಲ್ಲ, ಕುಳಿತುಕೋ" ಎಂದೆ. ಅವನು ಕುಳಿತ.

ಅದೇ ವರ್ಷದ ಮಾರ್ಚ್ 13ರ ಬೆಳಗಿನ ಜಾವ ಕೆನಡಾ ದೇಶದ ಕ್ವಿಬೆಕ್ ಪ್ರಾಂತ್ಯ ಅವನ ಪ್ರಶ್ನೆಗೆ ಉತ್ತರ ಕೊಟ್ಟಿತು. ಅದನ್ನು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಅನಂತರ.

ಅದಕ್ಕೂ ಹಿಂದಿನ ದಿನಗಳಲ್ಲಿ ಸೂರ್ಯನ ಮೇಲೆ ಭಾರೀ ಸ್ಫೋಟಗಳಾಗಿದ್ದವು. ಅಲ್ಲಿಂದ ಚಿಮ್ಮಿದ ವಿದ್ಯುದಾವಿಷ್ಟ ಕಣಗಳ ಮೋಡ ಬಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಾಡಿಸಿತು. ಇನ್ನು ನಮ್ಮ ಪ್ರಯೋಗವನ್ನೇ ನೆನೆಯಿರಿ. ಕಾಂತದ ಜಾಗದಲ್ಲಿ ಇಡೀ ಭೂಮಿ. ಸುರುಳಿಯ ಜಾಗದಲ್ಲಿ ಉತ್ತರದ ಜಲವಿದ್ಯುದಾಗಾರಗಳಿಂದ ಮಾಂಟ್ರಿಯಲ್ ನಗರದವರೆಗೆ ಸುಮಾರು ಸಾವಿರ ಕಿಲೋಮೀಟರ್ ಚಾಚಿದ, 735 ಕಿಲೋವೋಲ್ಟಿನ ತಂತಿಗಳು. ಅಲ್ಲಿನ ನೆಲದಡಿಯಲ್ಲಿರುವುದು ಪುರಾತನ ಗಟ್ಟಿಶಿಲೆ. ಅದರಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ಹೀಗಾಗಿ ಪ್ರೇರಿತ ವಿದ್ಯುತ್ತು ತಂತಿಗಳನ್ನೇ ದಾರಿ ಮಾಡಿಕೊಂಡು, ಟ್ರಾನ್ಸ್‌ಫಾರ್ಮರುಗಳ ಭೂಸಂಪರ್ಕದ ಮೂಲಕ ಒಳಹೊಕ್ಕಿತು.

ಅಲ್ಲಿನ ಎ.ಸಿ. ವಿದ್ಯುತ್ತು ಸೆಕೆಂಡಿಗೆ 60 ಆವರ್ತನ ಮಾಡುತ್ತದೆ. ಸೌರ ಚಂಡಮಾರುತದಿಂದ ಹುಟ್ಟಿದ ವಿದ್ಯುತ್ತು ಏರಿ ಇಳಿಯಲು ನಿಮಿಷಗಳನ್ನೇ ತೆಗೆದುಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರಿನ ಪಾಲಿಗೆ ಅದು ಹೆಚ್ಚುಕಡಿಮೆ ಡಿ.ಸಿ.ಯೇ. ಅದು ಹರಿದಾಗ ಟ್ರಾನ್ಸ್‌ಫಾರ್ಮರಿನ ಕಬ್ಬಿಣದ ತಿರುಳು ಒಂದೇ ದಿಕ್ಕಿಗೆ ಕಾಂತಗೊಂಡು, ಪ್ರತಿ ಆವರ್ತನದ ಅರ್ಧ ಭಾಗದಲ್ಲಿ ಇನ್ನು ಹಿಡಿಸಲಾರದಷ್ಟು ತುಂಬಿಹೋಗುತ್ತದೆ. ಆಗ ಅದು ಜಾಲದಿಂದ ಮಿತಿಮೀರಿ ವಿದ್ಯುತ್ತನ್ನು ಹೀರತೊಡಗುತ್ತದೆ, ಬಿಸಿಯಾಗುತ್ತದೆ, ಎ.ಸಿ.ಯ ನಯವಾದ ಅಲೆಯನ್ನು ವಿಕೃತಗೊಳಿಸುತ್ತದೆ. ಇದೇ, ಮಗು, ನಿನ್ನ ಪ್ರಶ್ನೆಗೆ ಉತ್ತರ.

ಆದರೆ ಕತೆ ಅಲ್ಲಿಗೆ ಮುಗಿಯಲಿಲ್ಲ. ವೋಲ್ಟೇಜು ಕುಸಿಯದಂತೆ ಆಧಾರ ಕೊಡುವ ಉಪಕರಣಗಳು ಆ ಜಾಲದಲ್ಲಿದ್ದವು. ಅವುಗಳಿಗೆ ಕಾವಲಾಗಿದ್ದ ರಿಲೇಗಳನ್ನು ಎಂದಿನ ದಿನಗಳ ಲೆಕ್ಕಕ್ಕೆ ತಕ್ಕಂತೆ ಹೊಂದಿಸಿಡಲಾಗಿತ್ತು. ವಿಕೃತಗೊಂಡ ಅಲೆಯನ್ನು ಕಂಡ ಅವು ಉಪಕರಣಕ್ಕೇ ಅಪಾಯವೆಂದು ಭಾವಿಸಿ, ಅಂಥ ಏಳು ಉಪಕರಣಗಳನ್ನು ಒಂದು ನಿಮಿಷದೊಳಗೆ ಒಂದೊಂದಾಗಿ ಜಾಲದಿಂದ ಬೇರ್ಪಡಿಸಿದವು. ಆಧಾರ ಅತ್ಯಗತ್ಯವಾಗಿದ್ದ ಗಳಿಗೆಯಲ್ಲೇ ಆಧಾರ ತಪ್ಪಿತು. 2 ಗಂಟೆ 44 ನಿಮಿಷಕ್ಕೆ ಆರಂಭವಾದ ಕುಸಿತ ಎರಡು ನಿಮಿಷ ತುಂಬುವ ಮೊದಲೇ ಮುಗಿದಿತ್ತು. ಅರುವತ್ತು ಲಕ್ಷ ಜನ ಚಳಿಯಲ್ಲಿ, ಕತ್ತಲಲ್ಲಿ ಉಳಿದರು. ಬಹುಪಾಲು ಜನರಿಗೆ ವಿದ್ಯುತ್ತು ಮರಳಿ ಸಿಗಲು ಒಂಬತ್ತು ಗಂಟೆ ಹಿಡಿಯಿತು. ಅದೇ ಚಂಡಮಾರುತದಲ್ಲಿ ಅಮೆರಿಕದ ನ್ಯೂಜೆರ್ಸಿಯ ಸೇಲಮ್ ಅಣುವಿದ್ಯುತ್ ಸ್ಥಾವರದ ದೊಡ್ಡ ಟ್ರಾನ್ಸ್‌ಫಾರ್ಮರ್ ಒಂದು ಸುಟ್ಟು ಹಾಳಾಯಿತು.

ನಾನು ಹೇಳಬೇಕೆಂದಿರುವ ಮಾತು ಇಲ್ಲಿದೆ. ಕ್ವಿಬೆಕ್ಕಿನಲ್ಲಿ ಪೆಟ್ಟು ಕೊಟ್ಟದ್ದು ಸೂರ್ಯನೇ ಹೌದು. ಆದರೆ ಆ ಪೆಟ್ಟು ಅನಾಹುತವಾದದ್ದು, ಎಂದೂ ಬಾರದ ದಿನದ ಬಗ್ಗೆ ಮೊದಲೇ ಯಾರೂ ಯೋಚಿಸಿರಲಿಲ್ಲವೆಂಬ ಕಾರಣದಿಂದ. ಅಂಥ ದಿನ ಅಲ್ಲಿನ ಎಂಜಿನಿಯರರ 'ಪರೀಕ್ಷೆಗೆ ಬರುವ' ಪಾಠವಾಗಿರಲಿಲ್ಲ. ನಾನು ತರಗತಿಯಲ್ಲಿ ಮಾಡಿದ ತಪ್ಪೂ ಅದೇ ಜಾತಿಯದು.

ಕ್ವಿಬೆಕ್ಕಿನವರು ಪಾಠ ಕಲಿತರು. ರಿಲೇಗಳನ್ನು ಮರುಹೊಂದಿಸಿದರು, ಡಿ.ಸಿ. ಹರಿಯದಂತೆ ತಡೆಯುವ ಕೆಪ್ಯಾಸಿಟರುಗಳನ್ನು ಉದ್ದನೆಯ ಲೈನುಗಳಲ್ಲಿ ಅಳವಡಿಸಿದರು. 2003ರ ಅಕ್ಟೋಬರ್ 30ರಂದು ಇನ್ನೊಂದು ಚಂಡಮಾರುತ ಸ್ವೀಡನ್ನಿನ ಮಾಲ್ಮೊ ನಗರದಲ್ಲಿ ಸ್ವಲ್ಪ ಹೊತ್ತು ಕತ್ತಲು ಕವಿಸಿತು. ಕ್ವಿಬೆಕ್ಕಿನ ಜಾಲ ನಿಂತಿತು. ನಮ್ಮ ಮನೆಯವರು ಗಾಬರಿಗೊಂಡ 2024ರ ಮೇ ತಿಂಗಳ ಚಂಡಮಾರುತ ಆ ಬಳಿಕ ಬಂದವುಗಳಲ್ಲಿ ಅತ್ಯಂತ ತೀವ್ರವಾದುದು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದದ್ದನ್ನು ಖಗೋಳಜ್ಞರ ಕ್ಯಾಮೆರಾಗಳು ಸೆರೆಹಿಡಿದವು. ನ್ಯೂಜಿಲೆಂಡಿನಲ್ಲಿ ಮುನ್ನೆಚ್ಚರಿಕೆಗೆಂದು ಕೆಲವು ಲೈನುಗಳನ್ನು ಮೊದಲೇ ಬಂದ್ ಮಾಡಿದರು. ಲೋಕ ಕತ್ತಲಾಗಲಿಲ್ಲ. ಮರುದಿನ ಎಲ್ಲರೂ, "ನೋಡಿ, ಏನೂ ಆಗಲಿಲ್ಲ, ಸುಮ್ಮನೆ ಹೆದರಿಸಿದರು" ಎಂದರು. ಏನೂ ಆಗದಂತೆ ನೋಡಿಕೊಂಡವರು ಇದ್ದರೆಂಬುದು ಯಾರಿಗೂ ಹೊಳೆಯಲಿಲ್ಲ. ಸಿದ್ಧತೆಯ ದುರದೃಷ್ಟವೇ ಇದು: ಅದು ಫಲಿಸಿದಾಗ ವ್ಯರ್ಥವಾಯಿತೆಂಬಂತೆ ಕಾಣುತ್ತದೆ.

ನಮ್ಮ ದೇಶಕ್ಕೆ ಇದರ ಚಿಂತೆ ಏಕೆ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಧ್ರುವಗಳಿಗೆ ಹತ್ತಿರವಿರುವ ನಾಡುಗಳಿಗೆ ಅಪಾಯ ಹೆಚ್ಚು, ನಮಗೆ ಕಡಿಮೆ, ಇದು ನಿಜ. ಆದರೆ ಕಡಿಮೆ ಎಂದರೆ ಇಲ್ಲವೆಂದಲ್ಲ. ದಾಖಲೆಯಲ್ಲಿರುವ ಅತಿ ಪ್ರಸಿದ್ಧ ಸೌರ ಚಂಡಮಾರುತ 1859ರ ಸೆಪ್ಟೆಂಬರ್ ತಿಂಗಳಿನದು. ಆಗ ವಿದ್ಯುತ್ ಜಾಲವಿರಲಿಲ್ಲ, ತಂತಿ ಕಚೇರಿಗಳಿದ್ದವು. ಅಮೆರಿಕದಲ್ಲಿ ಬ್ಯಾಟರಿ ಕಳಚಿದ ಮೇಲೂ ತಂತಿಗಳಲ್ಲಿ ಸಂದೇಶ ಹರಿಯಿತು. ಆ ದಿನದ ಕಾಂತಕ್ಷೇತ್ರದ ಏರುಪೇರಿನ ಅಮೂಲ್ಯ ದಾಖಲೆ ದೊರೆತದ್ದು ಮುಂಬಯಿಯ ಕೊಲಾಬಾ ವೀಕ್ಷಣಾಲಯದಲ್ಲಿ. ಅಂದರೆ ಆ ಚಂಡಮಾರುತ ನಮ್ಮ ನೆಲದ ಕಾಂತಸೂಚಿಯನ್ನೂ ಬಲವಾಗಿ ಅಲುಗಿಸಿತ್ತು. 2003ರ ಚಂಡಮಾರುತದ ಬಳಿಕ, ಧ್ರುವಗಳಿಂದ ಬಹು ದೂರವಿರುವ ದಕ್ಷಿಣ ಆಫ್ರಿಕದಲ್ಲೂ ಟ್ರಾನ್ಸ್‌ಫಾರ್ಮರುಗಳು ಒಳಗೊಳಗೇ ಹದಗೆಟ್ಟವೆಂದು ಅಲ್ಲಿನ ಎಂಜಿನಿಯರರು ಬರೆದಿದ್ದಾರೆ.

ಇನ್ನೊಂದು ವಿಚಾರ. 2012ರ ಜುಲೈ 30 ಮತ್ತು 31ರಂದು ಉತ್ತರ ಭಾರತದ ಜಾಲ ಕುಸಿದು, ಎರಡನೆಯ ದಿನ ಪೂರ್ವ ಮತ್ತು ಈಶಾನ್ಯ ಭಾರತವೂ ಕತ್ತಲಾಯಿತು. ಅದಕ್ಕೂ ಸೂರ್ಯನಿಗೂ ಸಂಬಂಧವಿಲ್ಲ. ಆದರೆ ಒಂದೆಡೆಯ ಕುಸಿತ ಎಷ್ಟು ದೂರ ಹಬ್ಬಬಲ್ಲದೆಂದು ಅದು ತೋರಿಸಿತು. ಅಂದು ದಕ್ಷಿಣದ ನಾವು ಪಾರಾದೆವು, ಏಕೆಂದರೆ ನಮ್ಮ ಜಾಲ ಆಗಿನ್ನೂ ಬೇರೆಯಾಗಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು-ಸೊಲ್ಲಾಪುರ ನಡುವಿನ 765 ಕಿಲೋವೋಲ್ಟಿನ ಲೈನಿನ ಮೂಲಕ ದಕ್ಷಿಣವೂ ಕೂಡಿಕೊಂಡು, ದೇಶವೆಲ್ಲ ಒಂದೇ ಜಾಲವಾಯಿತು. ಇದರಿಂದ ಆದ ಉಪಕಾರ ದೊಡ್ಡದು. ಕೊರತೆಯಿದ್ದೆಡೆಗೆ ವಿದ್ಯುತ್ತು ಹರಿಯುತ್ತದೆ. ಆದರೆ ಕೂಡು ಕುಟುಂಬದಲ್ಲಿ ಸುಖದಂತೆ ಕಷ್ಟವೂ ಹಂಚಿಕೆಯಾಗುತ್ತದೆ. ಅಲ್ಲದೆ, ಉದ್ದವಾದ, ರೋಧ ಕಡಿಮೆಯಿರುವ ಲೈನುಗಳಲ್ಲೇ ಸೌರ ಚಂಡಮಾರುತದ ವಿದ್ಯುತ್ತು ಸಲೀಸಾಗಿ ಹರಿಯುವುದು.

ನಮ್ಮಲ್ಲಿ ಕಣ್ಣುಗಳಿವೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ತನ್ನ ನೆಲೆಯನ್ನು ತಲುಪಿತು. ಅದರ ಪ್ರಧಾನ ಉಪಕರಣವನ್ನು ಸಿದ್ಧಪಡಿಸಿದ್ದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ, ನಮ್ಮ ಹೊಸಕೋಟೆಯ ಆವರಣದಲ್ಲಿ. ಆದರೆ ಅಲ್ಲಿಂದ ಭೂಮಿಗೆ ಬರಲು ವೇಗದ ಚಂಡಮಾರುತಕ್ಕೆ ಅರ್ಧ ಗಂಟೆ ಸಾಕು. ಆ ಅರ್ಧ ಗಂಟೆಯಲ್ಲಿ ಏನು ಮಾಡಬೇಕೆಂದು ಕುಳಿತು ಯೋಚಿಸಲಾಗದು. ಮೊದಲೇ ಯೋಚಿಸಿ, ಅಭ್ಯಾಸ ಮಾಡಿರಬೇಕು. ಟ್ರಾನ್ಸ್‌ಫಾರ್ಮರುಗಳ ಭೂಸಂಪರ್ಕದಲ್ಲಿ ಇಂಥ ವಿದ್ಯುತ್ತನ್ನು ಅಳೆಯಬೇಕು. ರಿಲೇಗಳನ್ನು ಅಪರೂಪದ ದಿನದ ಲೆಕ್ಕದಲ್ಲೂ ಪರೀಕ್ಷಿಸಬೇಕು. ಅಂಗಡಿಗೆ ಹೋಗಿ ತರಲಾಗದ ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಬದಲಿಗಾಗಿ ಕಾದಿರಿಸಬೇಕು. ಇದಕ್ಕೆ ಆಗುವ ವೆಚ್ಚವನ್ನು ಯಾರಾದರೂ ದಂಡವೆಂದರೆ, ಪ್ರಜೆಗಳಾದ ನಾವು ಅಲ್ಲವೆನ್ನಬೇಕು.

ಮೊಬೈಲು ದೂರವಿಟ್ಟು ಮಲಗುವ ಭಯವೂ ಬೇಡ, ನಮಗೇನೂ ಆಗದೆಂಬ ಉದಾಸೀನವೂ ಬೇಡ. ಎರಡೂ ಒಂದೇ ಕೆಲಸ ಮಾಡುತ್ತವೆ: ಪ್ರಶ್ನೆ ಕೇಳುವುದನ್ನು ನಿಲ್ಲಿಸುತ್ತವೆ.

ಹಿಂದಿನ ಬೆಂಚಿನ ಆ ಹುಡುಗ ಈಗ ಎಲ್ಲಿದ್ದಾನೋ, ನನಗೆ ತಿಳಿಯದು. ಐವತ್ತು ದಾಟಿರಬೇಕು. ಇದನ್ನು ಓದುವ ಅವನ ಸಹಪಾಠಿಗಳು ಯಾರಾದರೂ ಅವನನ್ನು ಬಲ್ಲವರಿದ್ದರೆ ದಯವಿಟ್ಟು ತಿಳಿಸಿ: ಮೇಷ್ಟರು ಉತ್ತರ ಬರೆದಿದ್ದಾರೆ, ತಡವಾದುದಕ್ಕೆ ಕ್ಷಮೆ ಕೇಳಿದ್ದಾರೆ ಎಂದು. ಈಗ ಪಾಠ ಮಾಡುತ್ತಿರುವ ನನ್ನ ಶಿಷ್ಯರಿಗೂ ಒಂದು ಮಾತು. ನಿಮ್ಮ ತರಗತಿಯಲ್ಲಿ ಯಾರಾದರೂ ಎದ್ದು ನಿಂತು ಪರೀಕ್ಷೆಗೆ ಬಾರದ ಪ್ರಶ್ನೆ ಕೇಳಿದರೆ, ಕುಳಿತುಕೋ ಎನ್ನಬೇಡಿ.